ತಂದೆ-ತಾಯಿಗಳ ಮೃತ್ಯುಪತ್ರ: ಮಕ್ಕಳು ಯಾವಾಗ ನೋಡಬಹುದು, ಯಾವ ಕಾರಣಕ್ಕೆ ಪ್ರಶ್ನಿಸಬಹುದು

ಮನೆಯ ಹಿರಿಯರು ಲಿಂಗೈಕ್ಯರಾದ ಮೇಲೆ ಶಿವಗಣಾರಾಧನೆಯ ದಿನ ಬಂಧುಬಳಗವೆಲ್ಲ ಒಂದೆಡೆ ಸೇರುತ್ತದೆ. ಪ್ರಸಾದ ಮುಗಿದು, ಪರಊರಿನ ಹೆಣ್ಣುಮಕ್ಕಳು ಹೊರಡುವ ಹೊತ್ತಿಗೆ ಒಂದು ಕಾಗದ ಹೊರಬರುತ್ತದೆ. ‘ಅಪ್ಪಾರು ಬರೆದಿಟ್ಟಾರ, ಇಲ್ಲೊಂದು ಸಹಿ ಮಾಡಿದರ ಉತಾರದ ಕೆಲಸ ಮುಗೀತದ’ ಎಂದು ಯಾರೋ ಒಬ್ಬರು ಹೇಳುತ್ತಾರೆ. ಓದಿ ನೋಡುತ್ತೇನೆಂದರೆ ಒಡಹುಟ್ಟಿದವರನ್ನು ನಂಬದಂತಾಗುತ್ತದೆ. ಓದದೆ ಸಹಿ ಮಾಡಿದರೆ ಏನು ಬಿಟ್ಟುಕೊಟ್ಟೆವೆಂಬುದೇ ತಿಳಿಯುವುದಿಲ್ಲ. ಮುಗದ ಹಾಗೂ ಸುತ್ತಲಿನ ಗ್ರಾಮಗಳಿಂದ ಮಠಕ್ಕೆ ಬರುವ ಭಕ್ತರು ಈ ಇಕ್ಕಟ್ಟನ್ನು ನಮ್ಮ ಮುಂದೆ ತೋಡಿಕೊಂಡದ್ದು ಒಂದೆರಡು ಸಲವಲ್ಲ. ಕೆರೆಯ ಕೆಳಗಿನ ಭತ್ತದ ಗದ್ದೆ ಅಷ್ಟೋ ಇಷ್ಟೋ ಇರುತ್ತದೆ. ಊರು ಧಾರವಾಡಕ್ಕೆ ಹತ್ತಿರವಾದ್ದರಿಂದ ಅದರ ಬೆಲೆ ಮಾತ್ರ ಹಿಂದಿನಂತಿಲ್ಲ. ಆದ್ದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಭಕ್ತರ ತಿಳಿವಳಿಕೆಗಾಗಿ ಇಲ್ಲಿ ಕೊಡುತ್ತಿದ್ದೇವೆ.

ಹಳೆಯ ಮೈಸೂರಿನವರು ಉಯಿಲು ಎನ್ನುವುದನ್ನೇ ನಮ್ಮ ಭಾಗದಲ್ಲಿ ಮೃತ್ಯುಪತ್ರ ಎನ್ನುತ್ತೇವೆ. ಬರೆದವರ ಮರಣಾನಂತರ ಮಾತ್ರ ಜಾರಿಗೆ ಬರುವ ಪತ್ರವೆಂಬ ಅರ್ಥ ಆ ಹೆಸರಿನಲ್ಲಿಯೇ ಇದೆ. ಬಕ್ಷೀಸ ಪತ್ರ ಅಂಥದಲ್ಲ. ಅದು ನೋಂದಣಿಯಾಗಿ, ಪಡೆದವರು ಸ್ವೀಕರಿಸಿದೊಡನೆ ಆಸ್ತಿ ಕೈಬದಲಾಗುತ್ತದೆ. ಎಷ್ಟೋ ಮನೆಗಳಲ್ಲಿ ಈ ಎರಡನ್ನೂ ಒಂದೇ ಎಂದು ತಿಳಿದಿರುತ್ತಾರೆ; ಕೈಗೆ ಬಂದ ಕಾಗದ ಇವೆರಡರಲ್ಲಿ ಯಾವುದು ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಲಿಂಗಾಯತರಿಗೆ ಯಾವ ಕಾನೂನು ಅನ್ವಯಿಸುತ್ತದೆ ಎಂದು ಇತ್ತೀಚಿನ ವರ್ಷಗಳಲ್ಲಿ ಯುವಕರು ಕೇಳುವುದುಂಟು. ಪ್ರತ್ಯೇಕ ಧರ್ಮದ ಮಾನ್ಯತೆಯ ಚರ್ಚೆ ಏನೇ ಇರಲಿ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 2ನೆಯ ಕಲಮು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಮೃತ್ಯುಪತ್ರವನ್ನು ಹೇಗೆ ಬರೆಯಬೇಕು, ಹೇಗೆ ರುಜುವಾತುಪಡಿಸಬೇಕು ಎಂಬುದಕ್ಕೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವನ್ನು ನೋಡಬೇಕು.

ಹಿರಿಯರು ಬದುಕಿರುವಾಗ

ಈ ಮಾತು ಕೆಲವರಿಗೆ ಕಹಿಯಾಗಬಹುದು, ಆದರೂ ಹೇಳಬೇಕು. ತಂದೆ ಅಥವಾ ತಾಯಿ ಬದುಕಿರುವವರೆಗೆ ಅವರ ಮೃತ್ಯುಪತ್ರವನ್ನು ನೋಡುವ ಹಕ್ಕು ಯಾವ ಮಗನಿಗೂ ಮಗಳಿಗೂ ಇಲ್ಲ. ಬರೆದವರು ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ರದ್ದುಪಡಿಸಬಹುದು. ನೋಂದಣಿಯಾಗಿದ್ದರೂ ಉಪನೋಂದಣಾಧಿಕಾರಿಗಳು ಅದರ ನಕಲನ್ನು ಬರೆದವರಿಗೆ ಅಥವಾ ಅವರು ನೇಮಿಸಿದ ಪ್ರತಿನಿಧಿಗೆ ಹೊರತು ಬೇರೆಯವರಿಗೆ ಕೊಡುವಂತಿಲ್ಲ. ‘ನನಗೇನು ಬರೆದೀರಿ’ ಎಂದು ಮುಪ್ಪಿನ ತಂದೆಯನ್ನು ಕಾಡುವುದು ಕಾನೂನಿನ ಬಲವಿಲ್ಲದ ಕೆಲಸ. ಬರೆದವರನ್ನು ಕಾಡಿಬೇಡಿ ಅವರ ಸ್ವಇಚ್ಛೆಯೇ ಉಳಿಯದಂತೆ ಬರೆಸಿಕೊಂಡ ಮೃತ್ಯುಪತ್ರ 61ನೆಯ ಕಲಮಿನ ಪ್ರಕಾರ ನಿರರ್ಥಕ. ವಂಚನೆ ಮತ್ತು ಬಲವಂತದ ಸಾಲಿನಲ್ಲಿಯೇ ಕಾನೂನು ಈ ಕಾಟವನ್ನೂ ಇಟ್ಟಿದೆ.

ನಮ್ಮ ಸಮಾಜದಲ್ಲಿ ಮೃತ್ಯುಪತ್ರಕ್ಕೆ ಒಂದು ಹಿರಿದಾದ ನೆನಪೂ ಇದೆ. 1904ರಲ್ಲಿ ಧಾರವಾಡದಲ್ಲಿ ನಡೆದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟದ್ದು ಮೃತ್ಯುಪತ್ರದ ಮೂಲಕವೇ. ಅದರ ಫಲದಿಂದ ಓದಿದವರು ಈ ಭಾಗದಲ್ಲಿ ಅಸಂಖ್ಯ. ಬರೆಯುವವರ ಸ್ವಾತಂತ್ರ್ಯವನ್ನು ಕಾನೂನು ಕಾಪಾಡಿದ್ದರಿಂದಲೇ ಇಂಥ ದಾನಗಳು ಉಳಿದು ಬಂದಿವೆ.

ಹಿರಿಯರು ಲಿಂಗೈಕ್ಯರಾದ ಮೇಲೆ

ಅಲ್ಲಿಂದ ಮುಂದೆ ಪರಿಸ್ಥಿತಿ ಪೂರ್ತಿ ಬೇರೆ. 1908ರ ನೋಂದಣಿ ಅಧಿನಿಯಮದ 57ನೆಯ ಕಲಮಿನ ಪ್ರಕಾರ, ಬರೆದವರು ತೀರಿಕೊಂಡ ನಂತರ ನೋಂದಾಯಿತ ಮೃತ್ಯುಪತ್ರದ ನಕಲನ್ನು ಅರ್ಜಿ ಕೊಟ್ಟ ಯಾರಿಗಾದರೂ ಕೊಡಬೇಕು. ಮಗಳೆಂದೋ ವಾರಸುದಾರರೆಂದೋ ಸಾಧಿಸುವ ಅಗತ್ಯವೂ ಇಲ್ಲ. ಅಣ್ಣನ ಒಪ್ಪಿಗೆ ಬೇಕಿಲ್ಲ, ಮೂಲಪತ್ರ ಯಾರ ಪೆಟ್ಟಿಗೆಯಲ್ಲಿದೆ ಎಂಬುದೂ ಮುಖ್ಯವಲ್ಲ. ಮರಣ ಪ್ರಮಾಣಪತ್ರ, ಬರೆದವರ ಪೂರ್ಣ ಹೆಸರು, ಅಂದಾಜು ವರ್ಷ, ನಿಗದಿತ ಶುಲ್ಕ ಇಷ್ಟಿದ್ದರೆ ಸಾಕು. ಹುಡುಕುವ ಕೆಲಸವನ್ನು ಕಚೇರಿಯವರೇ ಮಾಡುತ್ತಾರೆ, ಏಕೆಂದರೆ ಮೃತ್ಯುಪತ್ರಗಳನ್ನು ದಾಖಲಿಸುವ 3ನೆಯ ಪುಸ್ತಕವನ್ನು ಹೊರಗಿನವರು ತಾವೇ ತಿರುವಿ ನೋಡಲು ಅವಕಾಶವಿಲ್ಲ.

ಇಲ್ಲಿ ಬಹುಮಂದಿ ಎಡವುವ ಎರಡು ಸ್ಥಳಗಳಿವೆ. ಒಂದು, ಋಣಭಾರ ಪ್ರಮಾಣಪತ್ರ. ಇ.ಸಿ. ತೆಗೆಸಿ ‘ಏನೂ ಇಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಇ.ಸಿ.ಯಲ್ಲಿ ಕಾಣುವುದು ಸ್ಥಿರಾಸ್ತಿಯ ಖರೀದಿ, ಅಡಮಾನ, ವಾಟ್ನಿ ಮುಂತಾದ ಪತ್ರಗಳು. ಮೃತ್ಯುಪತ್ರದ ಪುಸ್ತಕವೇ ಬೇರೆಯಾದ್ದರಿಂದ ಅದು ಅಲ್ಲಿ ಕಾಣಿಸುವುದಿಲ್ಲ. ಎರಡು, ಕಚೇರಿ. ಮುಗದದ ಜಮೀನಿನ ಮೃತ್ಯುಪತ್ರ ಧಾರವಾಡದಲ್ಲಿಯೇ ನೋಂದಣಿಯಾಗಿರಬೇಕೆಂಬ ನಿಯಮವಿಲ್ಲ. ಹಿರಿಯರು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಮಗನ ಮನೆಯಲ್ಲಿದ್ದಾಗ ಅಲ್ಲಿಯ ಕಚೇರಿಯಲ್ಲಿ ನೋಂದಾಯಿಸಿರಬಹುದು. ಕೊನೆಯ ಹತ್ತಿಪ್ಪತ್ತು ವರ್ಷಗಳಲ್ಲಿ ಅವರು ಎಲ್ಲೆಲ್ಲಿ ವಾಸವಾಗಿದ್ದರೋ ಅಲ್ಲೆಲ್ಲ ವಿಚಾರಿಸುವುದು ಲೇಸು.

ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡುವ ವ್ಯವಸ್ಥೆಯೂ ಇದೆ. ಅಪರೂಪವಾದರೂ ತಿಳಿದಿರಲಿ. ಇಟ್ಟವರು ತೀರಿಕೊಂಡ ನಂತರ ಅರ್ಜಿ ಸಲ್ಲಿಸಿದರೆ ಅಧಿಕಾರಿಗಳು ಅರ್ಜಿದಾರರ ಸಮಕ್ಷಮದಲ್ಲಿ ಲಕೋಟೆ ಒಡೆದು, ಅರ್ಜಿದಾರರ ಖರ್ಚಿನಲ್ಲಿ 3ನೆಯ ಪುಸ್ತಕದಲ್ಲಿ ನಕಲು ಮಾಡಿಸುತ್ತಾರೆ.

ತೊಡಕಿರುವುದು ನೋಂದಣಿಯಾಗದ ಪತ್ರದಲ್ಲಿ. ಮೃತ್ಯುಪತ್ರಕ್ಕೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಬಿಳಿ ಹಾಳೆಯ ಮೇಲೆ ಬರೆದರೂ ನಡೆಯುತ್ತದೆ. ಅಂಥ ಪತ್ರವನ್ನು ಬಚ್ಚಿಟ್ಟವರ ಮನೆಗೆ ಹೋಗಿ ತೆಗೆಸುವ ಕಚೇರಿ ಯಾವುದೂ ಇಲ್ಲ. ಆದರೆ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಯಾರಿಗೂ ಲಾಭವಿಲ್ಲ. ಉತಾರದಲ್ಲಿ ಹೆಸರು ಸೇರಿಸಲು, ಗ್ರಾಮ ಪಂಚಾಯತಿಯಲ್ಲಿ ಮನೆಯನ್ನು ತಮ್ಮ ಹೆಸರಿಗೆ ಮಾಡಿಸಲು ಅದನ್ನು ಎಂದಾದರೂ ಹೊರತೆಗೆಯಲೇಬೇಕು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 128 ಮತ್ತು 129ನೆಯ ಕಲಮುಗಳ ಪ್ರಕಾರ ಹಕ್ಕು ಬದಲಾವಣೆಗೆ ವರದಿ ಕೊಟ್ಟಾಗ ಹಿತಾಸಕ್ತಿಯುಳ್ಳವರಿಗೆ ನೋಟಿಸು ಹೋಗಬೇಕು, ತಕರಾರಿಗೆ ಅವಕಾಶ ಕೊಡಬೇಕು. ನೋಟಿಸು ಹಳೆಯ ವಿಳಾಸಕ್ಕೆ ಹೋಗಿ ಮದುವೆಯಾದ ಮಗಳ ಕೈ ಸೇರದಿರುವುದೇ ಹೆಚ್ಚು. ಹಿರಿಯರು ತೀರಿಕೊಂಡ ಕೆಲವೇ ವಾರಗಳಲ್ಲಿ ಗ್ರಾಮ ಆಡಳಿತಾಧಿಕಾರಿಗಳಿಗೂ ತಹಶೀಲ್ದಾರರಿಗೂ ಲಿಖಿತ ಅರ್ಜಿ ಕೊಟ್ಟು, ತಮ್ಮ ಈಗಿನ ವಿಳಾಸ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಇದಕ್ಕಾಗಿಯೇ. ಇನ್ನು ಮೃತ್ಯುಪತ್ರವನ್ನು ದುರುದ್ದೇಶದಿಂದ ಅಡಗಿಸುವುದಾಗಲಿ ನಾಶಪಡಿಸುವುದಾಗಲಿ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಂಭೀರ ಅಪರಾಧ.

ಜಿಲ್ಲಾ ನ್ಯಾಯಾಲಯದಿಂದ ಪ್ರೊಬೇಟ್ ಪಡೆಯಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಆದ್ದರಿಂದ ಇಲ್ಲಿ ಕಡ್ಡಾಯವೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಆ ನಿಯಮ ಮುಂಬಯಿ ನಗರಕ್ಕೆ ಸಂಬಂಧಿಸಿತ್ತೇ ಹೊರತು ಇಡೀ ಪ್ರಾಂತಕ್ಕಲ್ಲ. ಆದರೆ ಪತ್ರ ಹಿಡಿದವರು ತಾವಾಗಿಯೇ ಪ್ರೊಬೇಟಿಗೆ ಅರ್ಜಿ ಹಾಕಿದರೆ ನ್ಯಾಯಾಲಯವು ಹಿತಾಸಕ್ತಿಯುಳ್ಳವರನ್ನು ಕರೆಸಬಹುದು; ಮಕ್ಕಳು ಮೊದಲೇ ಕೇವಿಯಟ್ ಹಾಕಿಟ್ಟರೆ ತಮಗೆ ತಿಳಿಸದೆ ಆದೇಶವಾಗದು. ವಿರೋಧ ಬಂದೊಡನೆ ಆ ಅರ್ಜಿ ದಾವೆಯ ರೂಪದಲ್ಲಿಯೇ ನಡೆಯುತ್ತದೆ.

ಬರೆದವರಿಗೆ ಕೊಡಲು ಇದ್ದದ್ದೆಷ್ಟು

ಪತ್ರ ಕೈಗೆ ಬಂದ ಮೇಲೆ ಸಹಿ ಖರೆಯೋ ಖೊಟ್ಟಿಯೋ ಎಂಬ ವಾದಕ್ಕೇ ಎಲ್ಲರೂ ಮೊದಲು ಹೋಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಬರೆದ ಆಸ್ತಿ ಬರೆದವರದಾಗಿತ್ತೇ? ಸಹಿ ಶುದ್ಧವಾಗಿದ್ದರೂ ತಮ್ಮದಲ್ಲದ್ದನ್ನು ಯಾರೂ ಮೃತ್ಯುಪತ್ರದಿಂದ ಕೊಡಲಾಗದು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಪಿತ್ರಾರ್ಜಿತ ಅವಿಭಕ್ತ ಕುಟುಂಬದ ಎಂಟು ಎಕರೆ ಗದ್ದೆ. ತಾಯಿ ಮೊದಲೇ ತೀರಿಕೊಂಡಿದ್ದಾರೆ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಹೀಗೆ ನಾಲ್ಕು ಮಂದಿ ಸಹಭಾಗಿಗಳು. ಉತಾರದಲ್ಲಿ ತಂದೆಯ ಹೆಸರೊಂದೇ ಇದೆ. ತಂದೆ ಎಂಟೂ ಎಕರೆಯನ್ನು ಹಿರಿಯ ಮಗನಿಗೆ ಬರೆದಿಟ್ಟರು. ಆ ಪತ್ರ ಊರ್ಜಿತವೇ ಆದರೂ ನಡೆಯುವುದು ತಂದೆಯ ಪಾಲಿನ ಎರಡು ಎಕರೆಗೆ ಮಾತ್ರ. ಉಳಿದ ಆರು ಎಕರೆಯಲ್ಲಿ ಮಕ್ಕಳಿಗೆ ತಲಾ ಎರಡೆಕರೆ ಅವರದೇ ಹಕ್ಕಿನಿಂದ ಬರುತ್ತದೆ. ಹಿರಿಯ ಮಗನಿಗೆ ಒಟ್ಟು ನಾಲ್ಕು, ಕಿರಿಯವನಿಗೆ ಎರಡು, ಮಗಳಿಗೆ ಎರಡು. ತಾಯಿ ಇದ್ದಿದ್ದರೆ ಲೆಕ್ಕ ಇನ್ನೂ ಬದಲಾಗುತ್ತಿತ್ತು: ನಮ್ಮ ಭಾಗಕ್ಕೆ ಅನ್ವಯಿಸುವ ಮುಂಬಯಿ ಪದ್ಧತಿಯ ಮಿತಾಕ್ಷರದಲ್ಲಿ, ಗಂಡ ಮತ್ತು ಮಕ್ಕಳ ನಡುವೆ ವಾಟ್ನಿಯಾದಾಗ ಹೆಂಡತಿಗೂ ಸಮಪಾಲು ಇದೆ. ಆಗ ಐದು ಪಾಲು, ತಂದೆಯ ಪಾಲು ಐದರಲ್ಲೊಂದು.

ಮಗಳು ಸಹಭಾಗಿ ಎಂಬುದರಲ್ಲಿ ಇಂದು ಸಂಶಯವಿಲ್ಲ. ಕರ್ನಾಟಕವು ಕೇಂದ್ರಕ್ಕಿಂತ ಮುಂಚೆಯೇ, 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ, ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. ಆದರೆ ಅದಕ್ಕಿಂತ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆಗಿಹೋದ ವಾಟ್ನಿ, ಮಾರಾಟಗಳನ್ನು ಮಾತ್ರ ಇದು ಮುಟ್ಟುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ. ‘ಅಜ್ಜನ ಆಸ್ತಿ’ ಎಂದೊಡನೆ ಮೊಮ್ಮಕ್ಕಳಿಗೆ ಹುಟ್ಟಿನಿಂದ ಹಕ್ಕಿದೆ ಎಂದು ನಂಬುವವರು ಬಹಳ. ಅಜ್ಜ ತಾನೇ ದುಡಿದು ಕೊಂಡ ಹೊಲ, 1956ರ ನಂತರ ಅಜ್ಜನ ಮರಣದಿಂದ ತಂದೆಗೆ ವಾರಸಾ ಆಗಿ ಬಂದಿದ್ದರೆ, ಅದು ತಂದೆಯ ಸ್ವಂತ ಆಸ್ತಿ. ಚಂದರ್ ಸೇನ್ ಪ್ರಕರಣದಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮಾತು ಇದು. ಅದನ್ನು ತಂದೆ ಯಾರಿಗೆ ಬೇಕಾದರೂ ಬರೆಯಬಹುದು. ತಾಯಿಯ ಹೆಸರಿನ ಆಸ್ತಿಯೂ ಹಾಗೆಯೇ ತಾಯಿಯದು. ಆದ್ದರಿಂದ ಹಳೆಯ ಹಕ್ಕು ಬದಲಾವಣೆಯ ನೋಂದುಗಳನ್ನು ಹಿಂದಕ್ಕೆ ಹಿಂದಕ್ಕೆ ತೆಗೆಸಿ, ಜಮೀನು ತಂದೆಗೆ ಬಂದದ್ದು ವಾಟ್ನಿಯಿಂದಲೋ, ವಾರಸಾದಿಂದಲೋ, ಖರೀದಿಯಿಂದಲೋ ಎಂದು ನೋಡದೆ ವಕೀಲರ ಬಳಿ ಹೋಗಿ ಪ್ರಯೋಜನವಿಲ್ಲ. ಭೂಸುಧಾರಣೆಯಲ್ಲಿ ಒಬ್ಬರ ಹೆಸರಿಗೆ ಬಂದ ಜಮೀನು ಕುಟುಂಬದ್ದೋ ವೈಯಕ್ತಿಕವೋ ಎಂಬುದು ಪ್ರತಿಯೊಂದು ಪ್ರಕರಣದ ಸಾಕ್ಷ್ಯದ ಮೇಲೆ ನಿಂತಿದೆ. ಬ್ಯಾಂಕಿನ ನಾಮಿನಿಯ ಬಗ್ಗೆಯೂ ಒಂದು ಮಾತು: ನಾಮಿನಿ ಹಣ ಸ್ವೀಕರಿಸುವವರಷ್ಟೇ, ಹಣದ ಒಡೆಯರಲ್ಲ.

ಪತ್ರ ಸಂಶಯಾಸ್ಪದವಾದಾಗ

ಮೃತ್ಯುಪತ್ರದಲ್ಲಿ ಬರೆದವರ ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ಕನಿಷ್ಠ ಇಬ್ಬರು ಸಾಕ್ಷಿದಾರರು ಅವರು ಸಹಿ ಮಾಡುವುದನ್ನು ಕಂಡಿರಬೇಕು, ಅಥವಾ ‘ಇದು ನನ್ನ ಸಹಿ’ ಎಂದು ಅವರಿಂದಲೇ ಕೇಳಿರಬೇಕು. ತಾವೂ ಅವರೆದುರಿಗೇ ಸಹಿ ಹಾಕಿರಬೇಕು. ಮುಂದೆ ನ್ಯಾಯಾಲಯದಲ್ಲಿ ಅವರಲ್ಲಿ ಒಬ್ಬರಾದರೂ ಬಂದು ನುಡಿಯಬೇಕು. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಈ ರುಜುವಾತು ತಪ್ಪುವುದಿಲ್ಲ.

ಈ ವಿಷಯದಲ್ಲಿ ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಆಧಾರವಾಗಿ ಹಿಡಿಯುವ ತೀರ್ಪು ನಮ್ಮ ನಾಡಿನದೇ. ಮೈಸೂರು ಸಂಸ್ಥಾನದ ಕಾಲದಲ್ಲಿ, 1945ರಲ್ಲಿ, ಒಬ್ಬ ವಿಧವೆ ಬರೆದರೆನ್ನಲಾದ ಉಯಿಲಿನ ಕುರಿತ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣವದು. 1958ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಪರವಾಗಿ ಅದನ್ನು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್. ಅವರು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮಾರಾಟಪತ್ರ ಬರೆದವರನ್ನು ಕರೆಸಿ ಕೇಳಬಹುದು. ಮೃತ್ಯುಪತ್ರ ಬರೆದವರು ಮಾತ್ರ ಬಂದು ನುಡಿಯಲಾರರು. ಈ ಕಾರಣದಿಂದ ಪತ್ರವನ್ನು ಮುಂದಿಡುವವರೇ ಅದನ್ನು ರುಜುವಾತುಪಡಿಸಬೇಕು. ಸಹಿ ನಡುಗಿ ಅನುಮಾನ ಹುಟ್ಟಿಸುತ್ತಿದ್ದರೆ, ಬರೆದವರ ಬುದ್ಧಿ ಆಗ ಸ್ಥಿಮಿತದಲ್ಲಿತ್ತೇ ಎಂಬ ಸಂದೇಹವಿದ್ದರೆ, ಹಂಚಿಕೆ ಅಸಹಜವಾಗಿ ಕಂಡರೆ, ಎಲ್ಲಕ್ಕಿಂತ ಹೆಚ್ಚಾಗಿ ಲಾಭ ಪಡೆದವರೇ ಪತ್ರ ಬರೆಸುವುದರಲ್ಲಿ ಮುಂದಾಳಾಗಿದ್ದರೆ, ಆ ಸಂಶಯಗಳನ್ನೆಲ್ಲ ಅವರೇ ನಿವಾರಿಸಬೇಕು ಎಂದು ಆ ತೀರ್ಪು ಹೇಳಿತು. ಆ ಪ್ರಕರಣದಲ್ಲಿ ಅವರು ನಿವಾರಿಸಲಾರದೆ ಸೋತರು.

ಆದರೆ ‘ನನಗೆ ಏನೂ ಬರೆದಿಲ್ಲ’ ಎಂಬುದೊಂದೇ ಸಂಶಯವಾಗದು. ಸಹಜ ವಾರಸಾ ಕ್ರಮವನ್ನು ಬದಲಿಸುವುದಕ್ಕೆಂದೇ ಮೃತ್ಯುಪತ್ರ ಬರೆಯುತ್ತಾರೆ. ಒಬ್ಬರಿಗೆ ಕಡಿಮೆಯಾಯಿತೆಂದ ಮಾತ್ರಕ್ಕೆ ಅದು ಬೀಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹಲವು ಸಲ ಹೇಳಿದೆ. ವಂಚನೆ, ಬಲವಂತ ಎಂದು ಆರೋಪಿಸಿದರೆ ಅದನ್ನು ಸಾಧಿಸುವ ಹೊಣೆ ಆರೋಪಿಸಿದವರದು. ಆಸ್ಪತ್ರೆಯ ಕಾಗದಗಳು, ಪತ್ರದ ತಾರೀಖಿನಂದು ಹಿರಿಯರು ಎಲ್ಲಿದ್ದರು ಎಂಬುದಕ್ಕೆ ದಾಖಲೆ, ಅದೇ ಕಾಲದ ಬ್ಯಾಂಕಿನ ಸಹಿ ಇಂಥವು ಇಲ್ಲದೆ ಬರಿಯ ಸಿಟ್ಟಿನಿಂದ ದಾವೆ ಹೂಡಿದವರು ಹತ್ತು ವರ್ಷ ಕಳೆದು ಬರಿಗೈಯಲ್ಲಿ ಮರಳುತ್ತಾರೆ. ಸ್ವಯಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳನ್ನು ಪೂರ್ತಿ ಬಿಟ್ಟು ಬರೆಯುವುದು ಕಾನೂನಿಗೆ ವಿರುದ್ಧವಲ್ಲ. ಬಸವಾದಿ ಶರಣರ ಹೆಸರು ಹೇಳುವ ಮನೆಗಳಲ್ಲಿ ಅದು ನಡೆಯುತ್ತಿರುವುದು ನಮಗೆ ನೋವಿನ ಸಂಗತಿ. ಆದರೆ ನಮ್ಮ ನೋವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ.

ಇದೇ ಸಂದರ್ಭದಲ್ಲಿ ನಮ್ಮನ್ನು ನಾವೇ ಹೊರಗಿಟ್ಟುಕೊಳ್ಳಬಾರದು. ಭಕ್ತರು ಮಠಗಳಿಗೆ ದಾಸೋಹಕ್ಕೆಂದು, ವಿದ್ಯಾರ್ಥಿನಿಲಯಕ್ಕೆಂದು ಹೊಲಮನೆ ಬರೆದಿಡುವುದುಂಟು. ಅಂಥ ಪತ್ರವನ್ನು ಮಠಕ್ಕೆ ಸಂಬಂಧಿಸಿದವರೇ ಬರೆಸಿ, ಮಠದವರೇ ಸಾಕ್ಷಿ ಹಾಕಿದ್ದರೆ ಮೇಲಿನ ತೀರ್ಪಿನ ಅಳತೆಗೋಲು ಅದಕ್ಕೂ ಅಷ್ಟೇ ಸಲ್ಲುತ್ತದೆ. ಮಕ್ಕಳು ಬಂದು ಪತ್ರ ತೋರಿಸಿ ಎಂದರೆ ತೋರಿಸಬೇಕು. ಅದನ್ನು ಗುರುದ್ರೋಹವೆಂದು ಬಗೆಯುವುದು ಸಲ್ಲದು.

ಎಲ್ಲಿಗೆ ಹೋಗಬೇಕು, ಎಷ್ಟರೊಳಗೆ

ತಕರಾರು ಬಂದಾಗ ಕಂದಾಯ ಅಧಿಕಾರಿಗಳು ವಿಚಾರಣೆ ಮಾಡುತ್ತಾರೆ. ಅವರ ಆದೇಶದ ಮೇಲೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹೋಗಬಹುದು. ಆದರೆ ಮೃತ್ಯುಪತ್ರ ಖರೆಯೋ ಅಲ್ಲವೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ, ದಿವಾಣಿ ನ್ಯಾಯಾಲಯದ ಕೆಲಸ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಹೋದ ಮಾತ್ರಕ್ಕೆ ಅಳಿಯುವುದೂ ಇಲ್ಲ. 2021ರ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಇದನ್ನು ಸರ್ವೋಚ್ಚ ನ್ಯಾಯಾಲಯ ಮತ್ತೊಮ್ಮೆ ಸ್ಪಷ್ಟಪಡಿಸಿತು. ಹಾಗೆಂದು ಸುಮ್ಮನೆ ಕೂಡ್ರುವಂತಿಲ್ಲ. ಹಕ್ಕಿನ ಘೋಷಣೆಗಾಗಿ ಹೂಡುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಇದೆ. ಅವಿಭಕ್ತ ಆಸ್ತಿಯಿಂದ ತಮ್ಮನ್ನು ಹೊರಗಿಟ್ಟದ್ದು ತಿಳಿದಂದಿನಿಂದ ಹನ್ನೆರಡು ವರ್ಷ. ಆ ನಡುವೆ ಜಮೀನು ಮೂರನೆಯವರಿಗೆ ಮಾರಾಟವಾದರೆ ತೊಡಕು ಇಮ್ಮಡಿಯಾಗುತ್ತದೆ.

ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಲ್ಲಿದೆ. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ವಕೀಲರನ್ನು ಒದಗಿಸುತ್ತಾರೆ. ಮನೆಯವರು ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಮಠದ ಹಿರಿಯರ ಮುಂದೆ ಆದ ಒಪ್ಪಂದಕ್ಕೆ ಗೌರವವಿದೆ, ಆದರೆ ಕೆರೆಯ ಕಟ್ಟೆಯ ಮೇಲೆಯೋ ಮಠದ ಅಂಗಳದಲ್ಲಿಯೋ ಆಡಿದ ಮಾತು ಉತಾರಕ್ಕೆ ಏರುವುದಿಲ್ಲ. ಪಾಲು ಮಾಡಿಕೊಂಡರೆ ವಾಟ್ನಿಪತ್ರ ಬರೆದು ನೋಂದಾಯಿಸಿಕೊಳ್ಳಬೇಕು. ಶಿವಗಣಾರಾಧನೆಯ ದಿನ ಮುಂದಿಡುವ ಕಾಗದ ಹಕ್ಕು ಬಿಡುಗಡೆ ಪತ್ರವಾಗಿದ್ದರೆ, ಮೃತ್ಯುಪತ್ರ ಬಿದ್ದುಹೋದರೂ ಆ ಸಹಿ ಉಳಿಯುತ್ತದೆ. ಆದ್ದರಿಂದ ಅದರ ನಕಲನ್ನು ಮನೆಗೆ ಒಯ್ದು, ತಿಳಿದವರಿಗೆ ತೋರಿಸಿ, ಆಮೇಲೆ ಬಂದು ಸಹಿ ಮಾಡುವೆನೆಂದು ಹೇಳುವುದರಲ್ಲಿ ಯಾವ ಅವಿಶ್ವಾಸವೂ ಇಲ್ಲ.

ವಯಸ್ಕನಾದ, ದುಡಿಯಬಲ್ಲ ಮಗನನ್ನು ಸ್ವಯಾರ್ಜಿತ ಆಸ್ತಿಯ ಮೃತ್ಯುಪತ್ರದಲ್ಲಿ ಬಿಟ್ಟಿದ್ದರೆ ಅವನಿಗೆ ಬೇರೆ ದಾರಿಯಿಲ್ಲ. ವಿಧವೆಯಾದ ತಾಯಿಗೂ ಮದುವೆಯಾಗದ ಮಗಳಿಗೂ ಇದೆ: ಮೃತ್ಯುಪತ್ರದಲ್ಲಿ ಅವರಿಗೆ ಏನನ್ನೂ ಬಿಟ್ಟಿರದಿದ್ದರೆ, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 22ನೆಯ ಕಲಮಿನಂತೆ ಆಸ್ತಿ ಪಡೆದವರೇ ಆ ಆಸ್ತಿಯಿಂದ ಅವರ ಜೀವನಾಂಶ ನಡೆಸಬೇಕು. ಇದಕ್ಕೆ ಮೃತ್ಯುಪತ್ರವನ್ನು ಸುಳ್ಳೆಂದು ಸಾಧಿಸುವ ಅಗತ್ಯವೇ ಇಲ್ಲ.